ದೊಡ್ಡಪ್ಪ ನಾಯಿ ನೋಡಲು ಹೋದದ್ದು

ನಮ್ಮ ದೊಡ್ಡಪ್ಪ ನಾಯಿಗೆ ಹೆಣ್ಣು ನೋಡುವ ಶಾಸ್ತ್ರ ಮಾಡಿದ ಮನುಷ್ಯ. ತಪ್ಪು ತಿಳಿಯಬೇಡಿ! ಯಾವುದೋ ಗಂಡುನಾಯಿಗೆ ಹೆಣ್ಣು ಹುಡುಕಲು ಹೊರಟಿದ್ದರು ಅಂತ ನಾನು ಹೇಳುತ್ತಿಲ್ಲ. ಮನೆಗೆ ಒಂದು ನಾಯಿಮರಿ ತರಬೇಕಾಗಿ ಬಂದಾಗ, ಸೊಸೆ ತರುವವರು ಹೇಗೆ ಹೊರಡುತ್ತಾರೋ ಹಾಗೆ, ಜರಿ ರುಮಾಲು ಸುತ್ತಿ, ತಟ್ಟೆಯಲ್ಲಿ ಎಲೆ ಅಡಿಕೆ ತೆಂಗಿನಕಾಯಿ ಇಟ್ಟುಕೊಂಡು, ರಾಹುಕಾಲ ಕಳೆಯುವುದನ್ನೇ ಕಾದು, ಬಲಗಾಲು ಮುಂದಿಟ್ಟು ಹೊರಟವರು ಅವರು. ನಾನೂ ಜೊತೆಗಿದ್ದೆ, ಆದ್ದರಿಂದ ಧೈರ್ಯವಾಗಿ ಹೇಳುತ್ತಿದ್ದೇನೆ. ಕಣ್ಣಾರೆ ನೋಡದೆ ಇದ್ದಿದ್ದರೆ ನಾನೇ ನಂಬುತ್ತಿರಲಿಲ್ಲ.

ನಾನು ಆಗ ಶಿವಮೊಗ್ಗದ ಮಿಡ್ಲ್ ಸ್ಕೂಲಿಗೆ ಹೊಸದಾಗಿ ಮೇಷ್ಟರಾಗಿ ಬಂದು, ದೊಡ್ಡಪ್ಪನ ಮನೆಯ ಮಹಡಿ ಕೋಣೆಯಲ್ಲಿ ಇದ್ದೆ. ಭದ್ರಾವತಿಗೆ ಕಬ್ಬಿಣದ ಕಾರ್ಖಾನೆ ಬಂದು, ಊರಿಗೆ ಹೊಸ ಹೆಸರೂ ಬಂದು ವರ್ಷಗಳೇ ಆಗಿದ್ದವು. ದೊಡ್ಡಪ್ಪನ ಬಾಯಲ್ಲಿ ಮಾತ್ರ ಅದು ಇನ್ನೂ ಬೆಂಕಿಪುರ! ದೊಡ್ಡಪೇಟೆಯಲ್ಲಿ ಅವರದ್ದು ತಾಮ್ರ, ಹಿತ್ತಾಳೆ ಪಾತ್ರೆಯ ಅಂಗಡಿ. ಬಿಂದಿಗೆ ಬಂದರೂ ಕೊಳಗ ಬಂದರೂ ಬೆರಳಿನ ಗೆಣ್ಣಿನಿಂದ ಟಣ್ ಅಂತ ಒಂದು ತಟ್ಟಿ, ಕಿವಿ ಕೊಟ್ಟು ಕೇಳಿ, ಸೀಳಿದೆಯೋ ಬೆಸುಗೆ ಬಿದ್ದಿದೆಯೋ ಹೇಳಿಬಿಡುತ್ತಿದ್ದರು. ಪಾತ್ರೆಯ ಮಟ್ಟಿಗೆ ಸರಿ. ಆದರೆ ಆ ಗೆಣ್ಣಿಗೆ ಪಾತ್ರೆ ಯಾವುದು, ಮಿಕ್ಕಿದ್ದು ಯಾವುದು ಅನ್ನುವ ಭೇದ ಉಳಿದಿರಲಿಲ್ಲ! ಹಲಸಿನಹಣ್ಣು ತಟ್ಟುತ್ತಿದ್ದರು, ಬಾಗಿಲು ತಟ್ಟುತ್ತಿದ್ದರು, ಪರೀಕ್ಷೆಯಲ್ಲಿ ಪಾಸಾದೆ ಅಂತ ಕಾಲಿಗೆ ಬಿದ್ದರೆ ನನ್ನ ಬುರುಡೆಯನ್ನೂ ತಟ್ಟಿ ಸುಮ್ಮನಾಗುತ್ತಿದ್ದರು. ಏನು ಕೇಳಿಸಿತು ಅಂತ ನಾನು ಯಾವತ್ತೂ ವಿಚಾರಿಸಲಿಲ್ಲ.

ಒಮ್ಮೆ ಯಾರೋ ದೊಡ್ಡ ಅಧಿಕಾರಿ ಬಿಂದಿಗೆ ಕೊಳ್ಳಲು ಅಂಗಡಿಗೆ ಬಂದರು. ತಲೆಯ ಮೇಲೆ ಹೊಸ ಹ್ಯಾಟು. ದೊಡ್ಡಪ್ಪನಿಗೆ ಬಿಂದಿಗೆ ಮಾರುವುದು ಮರೆತೇಹೋಯಿತು. ಅಧಿಕಾರಿ ಬಗ್ಗಿ ಬಿಂದಿಗೆಯ ಬಾಯಿ ನೋಡುತ್ತಿದ್ದಾಗ ಸಿಕ್ಕಿದ್ದೇ ಸಮಯ ಅಂತ ಹ್ಯಾಟಿನ ಮೇಲೆ ಟಕ್ ಟಕ್ ಅಂತ ಎರಡು ತಟ್ಟಿ, "ಒಳಗೇನೂ ಇಲ್ಲ ಸ್ವಾಮಿ, ಬರೀ ಬೆಂಡು" ಅಂದುಬಿಟ್ಟರು. ಒಳಗೆ ಅಧಿಕಾರಿಯ ತಲೆ ಇತ್ತು! ಆ ಬಿಂದಿಗೆ ಕೊನೆಗೆ ಯಾರಿಗೆ ಮಾರಾಟವಾಯಿತೋ ನನಗೆ ತಿಳಿಯದು.

ಮಗಳಿಗೆ ಗಂಡು ಗೊತ್ತು ಮಾಡಿದ್ದೂ ಇದೇ ಕ್ರಮದಲ್ಲಿ. ಹಾವೇರಿ ಕಡೆಯ ಒಳ್ಳೆಯ ಮನೆತನ. ದೊಡ್ಡಪ್ಪ ನಾಲ್ಕು ಜನ ಹಿರಿಯರನ್ನು ಕಟ್ಟಿಕೊಂಡು ಹೋಗಿ, ಅಕ್ಕರೆಯಿಂದ ಸವರಿದ ಹಾಗೆ ಮಾಡಿ ಹುಡುಗನ ಬೆನ್ನಿಗೆ ಎರಡು ಹಾಕಿ, "ಗಟ್ಟಿ ಇದ್ದಾನೆ" ಅಂತ ಒಪ್ಪಿಕೊಂಡು ಬಂದರು. ಮದುವೆ ಜೋರಾಗಿಯೇ ಆಯಿತು. ಹುಡುಗ ನಿಜವಾಗಿಯೂ ಒಳ್ಳೆಯವನು, ಅದರಲ್ಲಿ ಎರಡು ಮಾತಿಲ್ಲ. ಒಬ್ಬಳೇ ಮಗಳು ಗಂಡನ ಮನೆಗೆ ಹೋದಳು, ಇಲ್ಲಿ ದೊಡ್ಡಮ್ಮನ ಮಾತು ನಿಂತುಹೋಯಿತು.

ದೊಡ್ಡಮ್ಮನ ಮಾತು ನಿಲ್ಲುವುದೆಂದರೆ ಏನು ಅಂತ ನಿಮಗೆ ಹೇಗೆ ಹೇಳಲಿ? ಆ ಮಹಾತಾಯಿ ಎಚ್ಚರವಿದ್ದಷ್ಟು ಹೊತ್ತೂ ಮಾತಾಡುತ್ತಿದ್ದರು. ಒಲೆಯನ್ನು ಬೈಯುತ್ತಿದ್ದರು, ಹಸುವಿನ ಯೋಗಕ್ಷೇಮ ವಿಚಾರಿಸುತ್ತಿದ್ದರು, ಹೆಪ್ಪು ಹಾಕುವಾಗ ಹಾಲಿಗೆ ಬುದ್ಧಿ ಹೇಳುತ್ತಿದ್ದರು. ತಾಯಿ ಮಗಳು ಇಬ್ಬರೂ ಸೇರಿದರಂತೂ ನಾನು ಮಹಡಿ ಮೇಲೆ ಕೂತು ಹುಡುಗರ ಲೆಕ್ಕ ತಿದ್ದುವ ಹಾಗೇ ಇರಲಿಲ್ಲ. ಈಗ ಮನೆಯಲ್ಲಿ "ಊಟಕ್ಕೆ ಏಳಿ" ಅನ್ನುವುದೊಂದೇ ಮಾತು. ಅವರೂ ಎರಡು ತುತ್ತು ಉಂಡು ಎದ್ದುಬಿಡುತ್ತಿದ್ದರು. ಹೋಗಿ ಮಗಳನ್ನು ನೋಡಿಕೊಂಡು ಬರೋಣವೆಂದರೆ, ಮದುವೆಯಾದ ಹೊಸದರಲ್ಲಿ ಬೀಗರು ಕರೆಯದೆ ಹೆಣ್ಣು ಹೆತ್ತವರು ಅವರ ಹೊಸಿಲು ತುಳಿಯಬಾರದು ಅಂತ ನಮ್ಮವರಲ್ಲಿ ಕಟ್ಟುನಿಟ್ಟು. ಬೀಗರು ಕರೆದಿರಲಿಲ್ಲ.

ಒಂದು ಸಂಜೆ ದೊಡ್ಡಮ್ಮ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತ, ಯಾರಿಗೂ ಹೇಳದ ಹಾಗೆ, "ಒಂದು ನಾಯಿಮರಿ ಆದ್ರೂ ಇದ್ದಿದ್ರೆ ಮನೇಲಿ ಸದ್ದು ಅಂತ ಇರ್ತಿತ್ತು" ಅಂದರು. ಅಷ್ಟೇ! ದೊಡ್ಡಪ್ಪ ಆ ವಯಸ್ಸಿಗೆ ಎರಡೆರಡು ಮೆಟ್ಟಿಲು ಹಾರಿಕೊಂಡು ನನ್ನ ಕೋಣೆಗೆ ಬಂದರು.

"ಮೇಷ್ಟ್ರೇ! ಮಾತಾಡಿದ್ಲು ಮಾರಾಯಾ! ನಿಮ್ಮ ದೊಡ್ಡಮ್ಮ ಮಾತಾಡಿದ್ಲು! ನಾಯಿ ಬೇಕಂತೆ!"

"ತಂದುಬಿಡಿ ದೊಡ್ಡಪ್ಪ."

"ತಂದುಬಿಡೋಕೆ ಅದೇನು ಸೌತೆಕಾಯೇನೋ? ಮನೆಗೆ ಬರೋ ಜೀವ. ನೋಡ್ಬೇಕು, ವಿಚಾರಿಸ್ಬೇಕು."

ವಿಚಾರಿಸುವ ಅಗತ್ಯವೇ ಇರಲಿಲ್ಲ ಅಂತ ನನ್ನ ಅಭಿಪ್ರಾಯ. ಏಕೆಂದರೆ ನಾಯಿಮರಿ ಅಂಗಡಿಯ ಹಿತ್ತಲಲ್ಲೇ ಇತ್ತು! ತಳ ಒಡೆದ ಒಂದು ತಾಮ್ರದ ಹಂಡೆ ಅಲ್ಲಿ ಅಡ್ಡ ಬಿದ್ದಿತ್ತು. ಪೇಟೆಯ ಒಂದು ಬೀದಿನಾಯಿ ಅದರೊಳಗೆ ಮರಿ ಹಾಕಿತ್ತು. ಒಂದು ದಿನ ಹೊರಗೆ ಹೋದ ತಾಯಿ ತಿರುಗಿ ಬರಲಿಲ್ಲ. ಗಂಡುಮರಿಗಳನ್ನು ಆಚೀಚೆಯವರು ಎತ್ತಿಕೊಂಡು ಹೋದರು. ಉಳಿದದ್ದು ಒಂದು ಕಂದು ಹೆಣ್ಣುಮರಿ. ದೊಡ್ಡಪ್ಪನೇ ದಿನಾ ಒಂದು ಬಟ್ಟಲು ಹಾಲು ಇಟ್ಟು, ಯಾರಾದರೂ ನೋಡಿದರೆ "ಹಾಲು ಒಡೆದಿತ್ತು ಕಣಪ್ಪ" ಅನ್ನುತ್ತಿದ್ದರು. ಮನೆಗೆ ತರುವ ಮಾತೆತ್ತಿದರೆ ಮಾತ್ರ, "ಅದರ ಕುಲಗೋತ್ರ ಯಾರಿಗೆ ಗೊತ್ತು?" ಅಂತ ಹಿಂದೇಟು ಹಾಕುತ್ತಿದ್ದರು.

ಕುಲಗೋತ್ರದ ಪ್ರಶ್ನೆ ತಲೆಗೆ ತುಂಬಿದವರು ಪಕ್ಕದ ಮನೆಯ ವಕೀಲರು. ಕೋರ್ಟಿನಲ್ಲಿ ಕೆಲಸ ಕಡಿಮೆ ಇದ್ದದ್ದರಿಂದ ಅವರು ನಮ್ಮ ಜಗಲಿಯಲ್ಲೇ ವಾದ ಮಾಡುತ್ತಿದ್ದರು. "ನಾಯಿ ಅಂದ್ರೆ ಜಾತಿ ನಾಯಿ ಆಗ್ಬೇಕು ಯಜಮಾನ್ರೇ. ಭದ್ರಾವತಿ ಕಾರ್ಖಾನೇಲಿ ಒಬ್ಬ ಬಿಳಿ ದೊರೆ ಇದ್ದಾನೆ. ಸೀಮೆ ನಾಯಿ ಸಾಕಿ, ಮರಿ ಹಾಕಿಸಿ ಕೊಡ್ತಾನೆ. ಕಿವಿ ಇಷ್ಟುದ್ದ! ಏಳು ತಲೆಮಾರಿಗೆ ಕಾಗದ ಇಟ್ಟಿದ್ದಾನೆ."

"ಬೆಲೆ?"

"ಆ ದುಡ್ಡಿಗೆ ಒಂದು ಒಳ್ಳೇ ಕರೆಯೋ ಹಸು ಬರುತ್ತೆ."

"ಹಸು ಹಾಲು ಕೊಡುತ್ತಲ್ರೀ!"

"ಆದ್ರೆ ಹಸು ತೊಡೆ ಮೇಲೆ ಕೂರಲ್ಲ!" ಅಂದರು ವಕೀಲರು. ಮಾರನೆಯ ದಿನ ದೊಡ್ಡಪ್ಪ ಭದ್ರಾವತಿಯ ಪಕ್ಷಕ್ಕೆ ಬಂದರೆ, ವಕೀಲರು ಆಗಲೇ ಹಂಡೆಯ ಪಕ್ಷ ಹಿಡಿದು, "ಬಡ ಅನಾಥ ಜೀವ, ನಿಮ್ಮ ಅಂಗಡೀಲೇ ಹುಟ್ಟಿದ ಮಾಲು" ಅಂತ ಶುರುಮಾಡಿದರು. ಅಭ್ಯಾಸಬಲ, ಏನು ಮಾಡುತ್ತೀರಿ?

ಕೊನೆಗೆ ವ್ಯಾಜ್ಯ ದೇವರ ಮುಂದೆ ಹೋಯಿತು. ನಮ್ಮ ಮನೆಯಲ್ಲಿ ಯಾವ ದೊಡ್ಡ ಕೆಲಸಕ್ಕೂ ವೀರಭದ್ರನ ಗುಡಿಯಲ್ಲಿ ಹೂಪ್ರಸಾದ ಕೇಳುವುದು ಪದ್ಧತಿ. ಅರ್ಚಕರು ದೇವರ ಮೇಲೆ ನೀರು ಹಚ್ಚಿದ ಹೂ ಅಂಟಿಸಿದರು. "ಬಲಗಡೆ ಬಿದ್ರೆ ಬೆಂಕಿಪುರ, ಎಡಗಡೆ ಬಿದ್ರೆ ಹಂಡೆ" ಅಂತ ದೊಡ್ಡಪ್ಪ ಕೈಮುಗಿದು ಕೂತರು. ಹೂ ಬೀಳಲಿಲ್ಲ. ಕಾದೆವು. ಮಂಗಳಾರತಿ ಎತ್ತಿಸಿದೆವು. ವಕೀಲರು ಮೆಲ್ಲಗೆ ಊದಿಯೂ ನೋಡಿದರು! ಬಿಸಿಲು ನೆತ್ತಿಗೆ ಬಂತು, ಹೂ ಅಲ್ಲಾಡಲಿಲ್ಲ. ಅರ್ಚಕರು ಹೊಟ್ಟೆ ಸವರಿಕೊಂಡು, "ಯಜಮಾನ್ರೇ, ಈ ವಿಷಯದಲ್ಲಿ ಸ್ವಾಮಿಗೆ ಅಭಿಪ್ರಾಯ ಇದ್ದ ಹಾಗೆ ಕಾಣಲ್ಲ. ನಾನು ಊಟಕ್ಕೆ ಹೋಗ್ಬೇಕು" ಅಂದರು.

ಹಾಗಾಗಿ, ಮೊದಲು ಹೋಗಿ ನೋಡಿಯೇ ಬರುವುದು ಅಂತ ತೀರ್ಮಾನವಾಯಿತು. ನಾನು, ದೊಡ್ಡಪ್ಪ, ವಕೀಲರು. ಮೂವರು! ಶುಭಕಾರ್ಯಕ್ಕೆ ಮೂರು ಜನ ಹೊರಡುವುದುಂಟೇ? ನಾಲ್ಕನೆಯವರು ಬೇಕು. ಒಂದು ಕಲ್ಲನ್ನಾದರೂ ಜೇಬಿಗೆ ಹಾಕಿಕೊಂಡು ಲೆಕ್ಕ ಸರಿಮಾಡುವುದು ಎಲ್ಲರೂ ಮಾಡುವುದೇ. ಪಾತ್ರೆ ಅಂಗಡಿಯವರಿಗೆ ಕಲ್ಲು ಸರಿ ಬರುತ್ತದೆಯೇ? ದೊಡ್ಡಪ್ಪ ಒಂದು ಹೊಸ ಹಿತ್ತಾಳೆ ಚೊಂಬು ತಂದು ನಾಲ್ಕನೆಯವರನ್ನಾಗಿ ಮಾಡಿಕೊಂಡರು. ರೈಲಿನಲ್ಲಿ ಅದಕ್ಕೊಂದು ಜಾಗ ಕೊಟ್ಟು ಕೂರಿಸಿದರು. ಯಾರೋ ಬಂದು ಚೊಂಬು ಸರಿಸಲು ಕೈಹಾಕಿದರೆ, "ಅಲ್ಲಿ ನಮ್ಮವರೊಬ್ಬರು ಕೂತಿದ್ದಾರೆ" ಅಂತ ತಡೆದರು. "ಟಿಕೇಟು ತಗೊಂಡಿದ್ದಾರಾ?" ಅಂತ ವಕೀಲರು ಕೇಳಿದ್ದಕ್ಕೆ ಭದ್ರಾವತಿ ಬರುವವರೆಗೂ ಅವರ ಜೊತೆ ಮಾತು ಬಿಟ್ಟಿದ್ದರು.

ದೊರೆಯ ಬಂಗಲೆ ಕಾರ್ಖಾನೆಯ ಹೊಗೆಯಿಂದ ಆಚೆ, ಒಂದು ದಿಣ್ಣೆಯ ಮೇಲಿತ್ತು. ಅಂಗಳದಲ್ಲಿ ಹಸಿರು ಹುಲ್ಲು, ಬೆತ್ತದ ಕುರ್ಚಿ. ದೊರೆ ನರೆತ ಕೂದಲಿನ, ಎತ್ತರದ, ಮೆತ್ತನೆ ಮಾತಿನ ಮನುಷ್ಯ. ದೊಡ್ಡಪ್ಪ ತಟ್ಟೆ ನೀಡಿದರು. ದೊರೆ ತೆಂಗಿನಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ಏನು ಮಾಡಬೇಕೆಂದು ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡ. ಬಟ್ಲರು ಟೀ ತಂದ. ದೊಡ್ಡಪ್ಪ ಕೈಯೆತ್ತಿ, "ಸಂಬಂಧ ಕುದುರೋವರೆಗೂ ನಾವು ಹೆಣ್ಣಿನ ಮನೇಲಿ ಏನೂ ಮುಟ್ಟಲ್ಲ" ಅಂದರು. ವಕೀಲರು ಇದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಿದರೋ, ದೊರೆ ಎದ್ದು ನಿಂತು ತಲೆ ಬಾಗಿಸಿದ!

ಮರಿಗಳು ಬಂದವು. ಮೂರು, ಉದ್ದ ಕಿವಿ, ರೇಷ್ಮೆ ಮೈ. ಹಿಂದೆಯೇ ತಾಯಿಯೂ ಬಂದು ದೊರೆಯ ಕಾಲ ಬಳಿ ಕೂತಿತು. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು ಶುರುಮಾಡಿದರು. ಹುಟ್ಟಿದ ಹೊತ್ತು ಯಾವುದು? ದೊರೆ ಹೇಳಿದ. ಎರಡು ಹೆಜ್ಜೆ ನಡೆದು ತೋರಿಸಲಿ, ಕಾಲು ನೆಟ್ಟಗಿದೆಯೋ ನೋಡೋಣ. ಮರಿ ನಡೆದು, ತನ್ನ ಕಿವಿಯನ್ನೇ ತುಳಿದು ಮುಗ್ಗರಿಸಿತು. ಹಾಡು ಬರುತ್ತದೆಯೇ? ಅಷ್ಟರಲ್ಲಿ ಕಾರ್ಖಾನೆಯ ಕೂಗು ಮೊಳಗಿತು, ಮೂರು ಮರಿಗಳೂ ಮುಖ ಮೇಲೆತ್ತಿ ಊಳಿಟ್ಟವು. "ಶಾರೀರ ಪರವಾಗಿಲ್ಲ" ಅಂದರು ದೊಡ್ಡಪ್ಪ. ದೊರೆ ವಂಶಾವಳಿಯ ಕಾಗದ ಬಿಚ್ಚಿದ. ಏಳು ತಲೆಮಾರು! ದೊಡ್ಡಪ್ಪ ನನ್ನ ಕಿವಿಯಲ್ಲಿ, "ನಮ್ಮದೇ ನಾಲ್ಕರಿಂದ ಮೇಲೆ ನನಗೆ ಗೊತ್ತಿಲ್ಲವಲ್ಲೋ" ಅಂದರು. ತಂದೆ ತಾಯಿ ಒಂದೇ ಮನೆತನದವು, ಅಣ್ಣತಂಗಿಯರ ಮಕ್ಕಳು ಅಂತ ದೊರೆ ಸ್ವಲ್ಪ ಸಂಕೋಚದಿಂದಲೇ ತಿಳಿಸಿದ. "ಸೋದರಿಕೆ! ನಮ್ಮಲ್ಲೂ ಅದೇ, ಬಹಳ ಶ್ರೇಷ್ಠ" ಅಂತ ದೊಡ್ಡಪ್ಪ ಅರಳಿದರು.

ಅರಳಿದ ಸಂತೋಷದಲ್ಲಿ ಕೈ ಸುಮ್ಮನಿರಬೇಕಲ್ಲ! ಒಂದು ಮರಿಯ ತಲೆಯ ಮೇಲೆ ಗೆಣ್ಣಿನಿಂದ ಟಕ್ ಅಂತ ತಟ್ಟಿಯೇಬಿಟ್ಟರು. ಮರಿ ಕುಂಯ್ ಅಂದಿತು. ತಾಯಿ ಎಲ್ಲಿಂದ ಹಾರಿತೋ, ದೊಡ್ಡಪ್ಪನ ಪಂಚೆಯ ಜರಿ ಅಂಚು ಅದರ ಬಾಯಲ್ಲಿತ್ತು! ದೊಡ್ಡಪ್ಪ ಒಂದು ತುದಿ, ನಾಯಿ ಒಂದು ತುದಿ. ಬಟ್ಲರು "ಅಯ್ಯಯ್ಯೋ ಸಾಮಿ, ಎಳೀಬೇಡಿ, ಬಿಟ್ಬಿಡಿ!" ಅಂತ ಕುಣಿದಾಡಿದ. ಪಂಚೆ ಬಿಟ್ಟರೆ ಮುಂದೇನು ಅಂತ ಅವನು ಯೋಚಿಸಿರಲಿಲ್ಲ. ಕೊನೆಗೆ ಅಂಚು ಪರ್ರನೆ ಹರಿದು ನಾಯಿಯ ಪಾಲಾಯಿತು. "ಏನೂ ಆಗಿಲ್ಲ ಯಜಮಾನ್ರೇ, ಬೀಗಿತಿ ಮರ್ಯಾದೆ ಮಾಡಿದ್ಲು" ಅಂದರು ವಕೀಲರು.

ದೊಡ್ಡಪ್ಪ ಪಂಚೆ ಸರಿಮಾಡಿಕೊಂಡು ಕೂತ ಮೇಲೆ ಪ್ರಶ್ನೆ ಕೇಳುವ ಸರದಿ ದೊರೆಯದಾಯಿತು. ಮರಿಗೆ ಏನು ತಿನ್ನಿಸುತ್ತೀರಿ? "ಹಾಲು, ಅನ್ನ, ಮುದ್ದೆ. ಹಬ್ಬಕ್ಕೆ ಹೋಳಿಗೆ. ನಮ್ಮದು ಲಿಂಗಪೂಜೆಯ ಮನೆ." ಮಾಂಸ? "ಶಿವ ಶಿವಾ!" ಮೊಟ್ಟೆ? ದೊಡ್ಡಪ್ಪ ಕಿವಿ ಮುಚ್ಚಿಕೊಂಡರು. ದೊರೆ ನಕ್ಕು, ಅದಕ್ಕೇನಾದರೂ ಉಪಾಯ ಮಾಡಬಹುದು ಅಂದ. ಆಮೇಲೆ, "ಮರಿ ಯಾರಿಗೆ?" ಅಂತ ಕೇಳಿದ.

"ನನ್ನ ಮನೆಯವಳಿಗೆ."

"ಅವರೆಲ್ಲಿ?"

ವಕೀಲರು ಕನ್ನಡಕ್ಕೆ ತಿರುಗಿಸಿದ ಮೇಲೂ ದೊಡ್ಡಪ್ಪನಿಗೆ ಪ್ರಶ್ನೆ ಅರ್ಥವಾದ ಹಾಗೆ ಕಾಣಲಿಲ್ಲ. "ಹೆಣ್ಣು ನೋಡೋಕೆ ಗಂಡಸರು ಬರೋದಲ್ವೇ?" ಅಂದರು. ದೊರೆ ಮರಿಯನ್ನು ಎತ್ತಿ ಎದೆಗಿಟ್ಟುಕೊಂಡು, ಮೆತ್ತಗೆ, ಆದರೆ ಸ್ಪಷ್ಟವಾಗಿ ಹೇಳಿದ: ಇದರ ಜೊತೆ ಬಾಳುವವರು ಆ ತಾಯಿ. ಅವರು ಬರಲಿ. ಅವರಿಗೆ ಬೇಕೋ ಬೇಡವೋ ಅವರ ಬಾಯಿಂದಲೇ ಕೇಳುತ್ತೇನೆ. ಬೇಕು ಅಂದರೆ ಕೊಡುತ್ತೇನೆ, ನಿಮ್ಮ ಮಾತಿನ ಮೇಲೆ ಕೊಡುವುದಿಲ್ಲ.

"ಹೆಣ್ಣು ಕೊಡಲ್ಲ ಅಂದ್ಬಿಟ್ಟನಲ್ಲೋ!" ರೈಲು ಹತ್ತುವವರೆಗೂ ದೊಡ್ಡಪ್ಪನ ಬಾಯಲ್ಲಿ ಅದೊಂದೇ. "ದೊಡ್ಡಪೇಟೆಯ ವರ್ತಕ ನಾನು. ನನ್ನ ಮಾತಿಗೆ ಬೆಲೆ ಇಲ್ಲ, ನಾಯಿಮರಿಗೆ ಇದೆ!" ವಕೀಲರು ಬಿದ್ದು ಬಿದ್ದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಕೂಡ್ಲಿ ಕಡೆಯ ಬಯಲು ಕಾಣಿಸುವ ಹೊತ್ತಿಗೆ ದೊಡ್ಡಪ್ಪ ಮಾತು ನಿಲ್ಲಿಸಿ ಕಿಟಕಿಯ ಹೊರಗೆ ನೋಡತೊಡಗಿದರು. ಪಂಚೆ ಹರಿದ ದುಃಖ ಅಂದುಕೊಂಡೆವು.

ಮೂರು ದಿನ ಕಳೆದು ಅಮಾವಾಸ್ಯೆ ಬಂತು. ಅಮಾವಾಸ್ಯೆ ದಿನ ಪೇಟೆಯ ಅಂಗಡಿಗಳಿಗೆ ರಜ. ಬೆಳಿಗ್ಗೆ ಪೂಜೆ ಮುಗಿಸಿದ ದೊಡ್ಡಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಏಳೇ, ಅಂಗಡಿಗೆ ಹೋಗಿ ಬರೋಣ" ಅಂದರು. ದೊಡ್ಡಮ್ಮ ಕೈಯಲ್ಲಿದ್ದ ಸೌಟು ಹಾಗೇ ಹಿಡಿದು ನಿಂತರು. ಅಷ್ಟು ವರ್ಷದ ಸಂಸಾರದಲ್ಲಿ ಅವರು ಅಂಗಡಿಯ ಮೆಟ್ಟಿಲು ಹತ್ತಿರಲಿಲ್ಲ! ಪೇಟೆಯಲ್ಲಿ ಹೆಂಗಸರಿಗೆ ಏನು ಕೆಲಸ ಅಂತ ಯಾರೂ ಕರೆದಿರಲಿಲ್ಲ, ಇವರೂ ಕೇಳಿರಲಿಲ್ಲ. ನಾನು ಬೀಗದ ಕೈ ಹಿಡಿದು ಹಿಂದೆ ನಡೆದೆ.

ದೊಡ್ಡಮ್ಮ ಹಿತ್ತಲಿನ ಕಲ್ಲಿನ ಮೇಲೆ ಕೂತರು. ಹಂಡೆಯೊಳಗಿಂದ ಕಂದು ಮರಿ ಹೊರಗೆ ಬಂತು. ಬಂದದ್ದೇ ಅವರ ಸೆರಗು ಹಿಡಿದು ಎಳೆಯತೊಡಗಿತು. ಮೊದಲು ದೊಡ್ಡಮ್ಮ ಸುಮ್ಮನಿದ್ದರು. ಆಮೇಲೆ ಶುರುವಾಯಿತು ನೋಡಿ! "ಏ, ಬಿಡೇ ಸೆರಗು! ಮೈಯೆಲ್ಲ ಏನೇ ಇದು, ಮಸಿ? ಕಿವೀಲಿ ಉಣ್ಣಿ ಬೇರೆ. ಯಾರೂ ಸ್ನಾನ ಮಾಡ್ಸಿಲ್ವಾ ನಿಂಗೆ? ಹೊಟ್ಟೆ ನೋಡು, ಬೆನ್ನಿಗೆ ಅಂಟಿದೆ. ಗಂಡಸರ ಕೈಲಿ ಬೆಳೆದ್ರೆ ಹೀಗೇ ಆಗೋದು..." ಮಾತಿನ ಮೇಲೆ ಮಾತು! ಮರಿ ಅವರ ಮಡಿಲು ಸೇರಿ ಮುಖ ನೋಡುತ್ತ ಕೇಳುತ್ತಿತ್ತು. ದೊಡ್ಡಪ್ಪ ನನ್ನ ಕಡೆ ತಿರುಗಿ ಗೆದ್ದವರ ಹಾಗೆ ನಕ್ಕರು. ಆಮೇಲೆ, ದೊರೆ ಹೇಳಿಕೊಟ್ಟ ಪಾಠವನ್ನು ಒಪ್ಪಿಸುವ ಹಾಗೆ, ಅವರೆದುರು ಕುಕ್ಕರುಗಾಲಲ್ಲಿ ಕೂತರು.

"ಬೆಂಕಿಪುರದಲ್ಲಿ ಜಾತಿ ಮರಿ ಇದೆ. ಇಲ್ಲಿ ಇದಿದೆ. ನಿನಗೆ ಏನು ಬೇಕು ಹೇಳು. ನೀನು ಹೇಳಿದ್ದೇ ಆಗ್ಲಿ."

ದೊಡ್ಡಮ್ಮನ ಕೈ ಮರಿಯ ಮೇಲೆ ನಿಂತಿತು. "ನನ್ನ ಕೇಳ್ತಿದೀರಾ?"

"ಹೂಂ. ನಿನ್ನನ್ನೇ."

ದೊಡ್ಡಮ್ಮ ಮರಿಯ ಕಿವಿಯಿಂದ ಒಂದು ಉಣ್ಣಿ ಕಿತ್ತು ಎಸೆದರು. ಆಮೇಲೆ ಅವರು, "ಇದಕ್ಕೆ ತಾಯಿ ಇಲ್ವಾ?" ಅಂತ ಕೇಳಿದರು.

"ಇಲ್ಲ."

"ಹಾಗಾದ್ರೆ ಇದು ನಮ್ಮನೇಗೇ ಬರ್ಲಿ." ಅವರು ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡರು. "ಆದ್ರೆ ನಮ್ಮ ಹುಡುಗಿಗೆ ತಾಯಿ ಇದ್ದಾಳಲ್ರೀ. ಏನು ಬೇಕು ಅಂತ ಕೇಳಿದ್ರಿ, ಹೇಳ್ತೀನಿ. ನನಗೆ ನನ್ನ ಮಗಳನ್ನ ನೋಡ್ಬೇಕು."

ನಾವು ದೇವರನ್ನು ಕೇಳಿದ್ದೆವು, ವಕೀಲರನ್ನು ಕೇಳಿದ್ದೆವು, ದೊರೆಯನ್ನು ಕೇಳಿದ್ದೆವು. ಈ ಮನೆಯಲ್ಲಿ ಮದುವೆಗೂ ಅಷ್ಟೇ, ಯಾರ್ಯಾರನ್ನೋ ಕೇಳಿದ್ದೆವು. ಹೆತ್ತವಳನ್ನು ಒಂದು ಮಾತು ಕೇಳಿದವರಿರಲಿಲ್ಲ. ನನ್ನ ನಗು ಎಲ್ಲಿ ಹೋಯಿತೋ.

ದೊಡ್ಡಪ್ಪ ತಲೆ ತಗ್ಗಿಸಿ ನೆಲ ನೋಡುತ್ತ ಕೂತಿದ್ದರು. ಆಮೇಲೆ ಎದ್ದು, "ಮೇಷ್ಟ್ರೇ, ಹಾವೇರಿಗೆ ಹೋಗೋಕೆ ಬೀರೂರಿನ ರೈಲು ಎಷ್ಟು ಹೊತ್ತಿಗೆ?" ಅಂದರು.

"ದೊಡ್ಡಪ್ಪ, ಇವತ್ತು ಅಮಾವಾಸ್ಯೆ. ಬೀಗರು ಬೇರೆ ಕರೆದಿಲ್ಲ."

"ನನ್ನ ಮಗಳನ್ನ ನೋಡೋಕೆ ನನ್ನನ್ನ ಯಾರು ಕರೀಬೇಕೋ?" ಅಂದರು ದೊಡ್ಡಪ್ಪ. ಅವರು ಅತ್ತದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.